ಬಾಯೊಳಗಿನ ಸಂಸಾರ

ಹೆಂಡತಿ ತೀರಿಕೊಂಡ ಮೇಲೆ ದರ್ಜಿ ಊಟ ಬಿಟ್ಟಿರಲಿಲ್ಲ, ಪ್ರಾರ್ಥನೆ ಬಿಟ್ಟಿರಲಿಲ್ಲ. ಹಲ್ಲುಜ್ಜುವುದನ್ನು ಮಾತ್ರ ಬಿಟ್ಟಿದ್ದ. ದುಃಖಕ್ಕೆಂದು ಏನಾದರೊಂದನ್ನು ಬಿಡಬೇಕಲ್ಲ, ಕಷ್ಟವಿಲ್ಲದ್ದನ್ನೇ ಆರಿಸಿಕೊಂಡ ಎಂದು ನೆರೆಯವರು ಆಡಿಕೊಂಡರು. ವಸಡು ಊದಿ, ಮುಂದಿನ ಹಲ್ಲುಗಳು ಅಲುಗಾಡತೊಡಗಿದಾಗ ಮಗಳು ಅವನನ್ನು ಹಲ್ಲಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

ಡಾಕ್ಟರು ಮಗಳ ವಯಸ್ಸಿನ ಹೆಂಗಸು. ಹಲ್ಲಿನ ಬುಡದಿಂದ ಹಳದಿ ಪಾಚಿಯನ್ನು ಚೂರು ಕೆರೆದು, ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಪಕ್ಕದ ಪರದೆಯಲ್ಲಿ ತೋರಿಸಿದರು. ಪರದೆ ತುಂಬ ಕ್ರಿಮಿಗಳು: ಗುಂಡಗಿನವು, ಕಡ್ಡಿಯಂಥವು, ದಾರದಂಥವು. ಎಲ್ಲ ಒಂದಕ್ಕೊಂದು ತೆಕ್ಕೆ ಹಾಕಿಕೊಂಡು ಮಿಸುಕುತ್ತಿದ್ದವು.

"ಇವೇ ನಿಮ್ಮ ಬಾಡಿಗೆದಾರರು, ಯಜಮಾನ್ರೇ. ಉಗುಳಿನಿಂದ ಹಲ್ಲಿನ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತೆ. ಮೊದಲು ಬಂದವು ಅದಕ್ಕೆ ಅಂಟ್ಕೊಳ್ತವೆ. ಆಮೇಲೆ ಬಂದವು ಮೊದಲು ಬಂದವನ್ನ ಹಿಡ್ಕೊಳ್ತವೆ. ಈ ಉದ್ದನೆಯವು ಇದಾವಲ್ಲ, ಇವು ಮಧ್ಯಸ್ಥರು. ಒಂದಕ್ಕೊಂದು ಆಗದವನ್ನೂ ಸೇರಿಸಿಬಿಡ್ತವೆ."

"ನಮ್ಮ ಬೀದಿಯವರಿಗಿಂತ ವಾಸಿ," ಎಂದ ದರ್ಜಿ. "ಎಲ್ಲಿಂದ ಬಂದ್ವು?"

"ಮನೆಯವರಿಂದಲೇ ಹೆಚ್ಚು. ಒಟ್ಟಿಗೆ ಬಾಳಿದ ಗಂಡ ಹೆಂಡ್ತಿ ಬಾಯಲ್ಲಿ ಎಷ್ಟೋ ಒಂದೇ ಥರದವು ಇರ್ತವೆ."

ದರ್ಜಿಗೆ ದಾರ ನೆನಪಾಯಿತು. ಅಂಗಡಿಯಲ್ಲಿ ಹೆಂಡತಿ ದಾರವನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿ ಕೊಡುತ್ತಿದ್ದಳು. ಗುಂಡಿ ಹೊಲಿದಾದ ಮೇಲೆ ಅವನು ದಾರವನ್ನು ಹಲ್ಲಿನಿಂದ ಕಡಿದು, ಉಳಿದದ್ದನ್ನು ಸೂಜಿ ಸಮೇತ ಮತ್ತೆ ಅವಳ ಕೈಗೆ ಕೊಡುತ್ತಿದ್ದ. ಕತ್ತರಿ ಪಕ್ಕದಲ್ಲೇ ಬಿದ್ದಿರುತ್ತಿತ್ತು. ಮದುವೆಯಾದಂದಿನಿಂದ ಹೀಗೇ ನಡೆದಿತ್ತು.

ಡಾಕ್ಟರು ಕೆರೆಯುವ ಯಂತ್ರ ಕೈಗೆತ್ತಿಕೊಂಡಾಗ ಅವನು ಬಾಯಿ ಬಿಗಿಯಾಗಿ ಮುಚ್ಚಿದ.

"ಅಪ್ಪಾ, ಬಾಯಿ ತೆಗಿ," ಎಂದಳು ಮಗಳು.

ಅವನು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, "ಇವು ಅವಳವು," ಎಂದ.

"ಯಾರವು?"

"ನಿಮ್ಮಮ್ಮನವು. ನೋಡ್ಲಿಲ್ವಾ, ಹೇಗೆ ಓಡಾಡ್ತಿದ್ವು!"

"ಅಯ್ಯೋ ಕರ್ಮ! ಅಮ್ಮನ ಫೋಟೊ ಇದೆ, ಕನ್ನಡಕ ಇದೆ..."

"ಅವೆಲ್ಲ ಸಾಮಾನು. ಇವಕ್ಕೆ ಜೀವ ಇದೆ. ದೇವರು ಅವಳನ್ನ ಕರ್ಕೊಂಡ, ಇವನ್ನ ನನ್ನ ಹತ್ರ ಬಿಟ್ಟ. ಕೆರೆಸೋಕೆ ನೀನ್ಯಾರು?"

ಮಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

"ಹಲ್ಲು ಉದುರುತ್ತೆ, ಯಜಮಾನ್ರೇ," ಎಂದರು ಡಾಕ್ಟರು.

"ಉದುರಲಿ."

"ಉದುರಿದ್ರೆ ಇವೆಲ್ಲಿಗೆ ಹೋಗ್ಬೇಕು? ಇವು ಮನೆ ಮಾಡಿರೋದೇ ಹಲ್ಲಿನ ಮೇಲೆ. ಇವತ್ತು ನಾನು ಕೆರೆದ್ರೂ ನಾಲಿಗೇಲಿ, ಕೆನ್ನೆ ಒಳಗೆ ಇರೋವು ಮತ್ತೆ ಬಂದು ಅಂಟ್ಕೊಳ್ತವೆ. ಓಡಿಸಿದ್ರೂ ಹೋಗೋವಲ್ಲ. ಆದ್ರೆ ಅಂಟೋಕೆ ಹಲ್ಲು ಬೇಕಲ್ಲ?"

ದರ್ಜಿ ಬಾಯಿಗೆ ಅಡ್ಡ ಹಿಡಿದಿದ್ದ ಕೈ ಇಳಿಸಿದ. ಆಮೇಲೆ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ದೇವರನ್ನು ನೆನೆದು, ಬಾಯಿ ತೆರೆದ. ಕ್ರಿಮಿಗಳು ಖಂಡಿತ ವಾಪಸು ಬರುತ್ತವೆಂದು ರೋಗಿಗೆ ಧೈರ್ಯ ಹೇಳಿದ್ದು ಆ ಡಾಕ್ಟರಿಗೆ ಅದೇ ಮೊದಲಿರಬೇಕು.

ಆ ದಿನವೆಲ್ಲ ಅವನ ಹಲ್ಲು ಬೇರೆ ಯಾರದೋ ಹಲ್ಲಿನಂತೆ ನುಣುಪಾಗಿತ್ತು. ಊಟ ಸೇರಲಿಲ್ಲ. ಮರುದಿನ ಬೆಳಗ್ಗೆ ಬಚ್ಚಲಮನೆಯಲ್ಲಿ ನಿಂತು ನಾಲಿಗೆ ಆಡಿಸಿದ. ಕೆಳಹಲ್ಲಿನ ಒಳಬದಿಯಲ್ಲಿ ಏನೋ ಚೂರು ಒರಟು ತಗುಲಿತು. ಮತ್ತೊಮ್ಮೆ ಆಡಿಸಿದ. ನಿಜವೇ.

ಬಾಗಿಲ ಹೊರಗಿನಿಂದ ಮಗಳು ಕೂಗಿದಳು: "ಉಜ್ಜಿದ್ಯಾ ಅಪ್ಪಾ?"

"ಸ್ವಲ್ಪ ತಡಿಯಮ್ಮ. ಈಗ ತಾನೇ ಬಂದಿವೆ, ಒಂದು ಗಳಿಗೆ ಕೂತ್ಕೊಳ್ಳಲಿ."

ಹಾಗೆಯೇ ಕಾದು ನಿಂತ. ಬಳಿಕ ಕಣ್ಣೊರೆಸಿಕೊಂಡು ಬ್ರಷ್ಷಿಗೆ ಪೇಸ್ಟು ಹಚ್ಚಿದ.