ಅರ್ಧ ಸುತ್ತು

ಶಾರ್ಶೆನ್ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವಾಗ ಯಾರಾದರೂ ಬಂದು ನಿಂತರೆ ಮೊದಲು ಅವರ ಬೂಟು ನೋಡುತ್ತಿದ್ದ. ಬೂಟಿಗೆ ಎಣ್ಣೆ ಕಲೆ ಇಲ್ಲದಿದ್ದರೆ ಅಂಥವನ ಮಾತಿಗೆ ಕಿವಿಗೊಡುವ ಅಗತ್ಯವಿಲ್ಲ ಎಂಬುದು ಅವನ ಸಿದ್ಧಾಂತ. ಅಂದು ಬಂದು ನಿಂತ ಬೂಟುಗಳು ಪಾಲಿಶ್ ಹಾಕಿಸಿಕೊಂಡು ಮಿರಿಮಿರಿ ಮಿಂಚುತ್ತಿದ್ದವು. ಲೇಸನ್ನು ಎರಡೂ ಕಾಲಿಗೆ ಅಳತೆ ಹಿಡಿದು ಸರಿಸಮವಾಗಿ ಕಟ್ಟಿತ್ತು. ಬೆಟ್ಟದೂರು ಅತ್-ಬಾಶಿಯಲ್ಲಿ ಹಾಗೆ ಲೇಸು ಕಟ್ಟುವವನು ಒಬ್ಬನೇ: ಶಾಲೆಯ ಲೆಕ್ಕದ ಮೇಷ್ಟ್ರು ಒಮುರ್ಜಾಕ್, ಶಾರ್ಶೆನ್‌ನ ಹೆಂಡತಿಯ ತಂಗಿಯ ಗಂಡ.

“ಸಲಾಂ, ಬಾಜಾ. ಕೆಲಸ ಹೇಗೆ ಸಾಗ್ತಿದೆ?”

“ನೀನು ಬರೋ ತನಕ ಚೆನ್ನಾಗೇ ಸಾಗ್ತಿತ್ತು.”

ಬಾಜಾಗಳು, ಅಂದರೆ ಷಡ್ಡಕರು, ಸೇರಿದಲ್ಲೆಲ್ಲ ಒಬ್ಬರ ಕಾಲನ್ನೊಬ್ಬರು ಎಳೆಯಬೇಕು, ಯಾರೂ ಮುಖ ಊದಿಸಿಕೊಳ್ಳಬಾರದು. ಅದು ಹಿರಿಯರ ಕಾಲದಿಂದ ಬಂದ ಸಲುಗೆ. ಶಾರ್ಶೆನ್ ಹದಿನಾರು ವರ್ಷದಿಂದ ಆ ಸಲುಗೆಯನ್ನು ತಾನೊಬ್ಬನೇ ಉಂಡಿದ್ದ. ಸ್ವಂತ ಗಾಡಿ ಇಲ್ಲದ, ಕುದುರೆ ಏರಿದರೆ ಬೆವರುವ, ಕತ್ತೆಯನ್ನೂ ಕಾನೂನಿನ ಪ್ರಕಾರ ರಸ್ತೆಯ ಬಲಗಡೆಗೇ ನಡೆಸುವ ಈ ಮನುಷ್ಯನನ್ನು ಮಾವನ ಮನೆಯ ಊಟದ ಬಟ್ಟೆಯ ಸುತ್ತ ಕೂತವರೆದುರು ಅವನು ಎಷ್ಟು ಬಗೆಯಲ್ಲಿ ಆಡಿಕೊಂಡಿದ್ದನೋ ಲೆಕ್ಕವಿಲ್ಲ. ಮೇಷ್ಟ್ರು ಒಮ್ಮೆಯೂ ತಿರುಗಿ ಹೇಳಿರಲಿಲ್ಲ. ತಿರುಗಿ ಹೇಳದವನನ್ನು ಕಂಡರೆ ಶಾರ್ಶೆನ್‌ಗೆ ಇನ್ನಷ್ಟು ತಾತ್ಸಾರ.

ಆದರೆ ಆ ವಸಂತದಲ್ಲಿ ತಮಾಷೆಗೆ ಪುರುಸೊತ್ತಿರಲಿಲ್ಲ. ಬೇಸಿಗೆಯಲ್ಲಿ ಬೆಟ್ಟದ ನೆತ್ತಿಯ ಕರಾ-ಬೆಲ್ ಕಣಿವೆಯಾಚೆ ಹುಲ್ಲುಗಾವಲಿಗೆ ಕುರಿ, ಕುದುರೆ ಹೊಡೆದುಕೊಂಡು ಹೋಗುವ ಹನ್ನೊಂದು ಮನೆಗಳು ಸೇರಿ ಒಂದು ಗಾಡಿ ಗೊತ್ತು ಮಾಡುತ್ತವೆ. ವಾರಕ್ಕೊಮ್ಮೆ ಬೆಣ್ಣೆ, ಕುಮಿಸ್ ಎಂಬ ಹುಳಿ ಕುದುರೆಹಾಲು ಕೆಳಗೆ ತರಬೇಕು, ಹಿಟ್ಟು, ಚಹಾಪುಡಿ ಮೇಲಕ್ಕೆ ಒಯ್ಯಬೇಕು. ಹತ್ತೊಂಬತ್ತು ಬೇಸಿಗೆ ಆ ಬಾಡಿಗೆ ಶಾರ್ಶೆನ್‌ನ ಹಳೆಯ ಉವಾಝ್ ಜೀಪಿನದೇ. ಅವನ ಮನೆಯ ಚಳಿಗಾಲವೆಲ್ಲ ಅದರ ಮೇಲೇ ನಡೆಯುತ್ತಿತ್ತು. ಕಳೆದೆರಡು ವರ್ಷ ಕಣಿವೆಯ ಕೆಸರು ಹಿಮದಲ್ಲಿ ಗಾಡಿ ಹೂತುಹೋಗಿ ಎತ್ತು ಕಟ್ಟಿ ಎಳೆಸಬೇಕಾಯಿತು. ಹನ್ನೊಂದು ಮನೆಗೂ ಹಿರಿಯಳಾದ ಬುರುಲ್ಚಾ ಅಜ್ಜಿ ಈ ಸಲ ಮುಚ್ಚುಮರೆ ಇಲ್ಲದೆ ಹೇಳಿದ್ದಳು:

“ಹೊರಡೋ ದಿನ ನನ್ನ ಮನೆ ಸಾಮಾನು ಹೇರ್ಕೊಂಡು ನಿಲ್ದೇ ಕಣಿವೆ ದಾಟು. ದಾಟಿದ್ರೆ ಬೇಸಿಗೆ ನಿಂದು. ಇಲ್ದಿದ್ರೆ ನಾರಿನ್ ಪೇಟೆಯವನ ಜಪಾನಿ ಗಾಡಿ ಬರತ್ತೆ.”

ಜಪಾನಿ ಗಾಡಿಯವನ ವಿಷಯ ಎತ್ತಿದರೆ ಶಾರ್ಶೆನ್ ನೆಲಕ್ಕೆ ಉಗಿಯುತ್ತಿದ್ದ. ಒಳಗೆ ಚಳಿಗೆ ಬಿಸಿ ಗಾಳಿ, ಕೂರಲು ಮೆತ್ತೆ. ಅಂಥದನ್ನು ಓಡಿಸುವವನು ಚಾಲಕನೇ ಅಲ್ಲ, ದುಡ್ಡು ಕೊಟ್ಟ ಪ್ರಯಾಣಿಕ. ಎಂಜಿನ್ನಿನ ಕರುಳು ಬಿಚ್ಚಿ ಜೋಡಿಸಲು ಬಾರದವನಿಗೆ ಬೆಟ್ಟ ಹತ್ತುವ ಹಕ್ಕಿಲ್ಲ ಎಂದು ಅವನು ಅಂಗಡಿಯ ಮುಂದೆ ನಿಂತು ಭಾಷಣ ಮಾಡುತ್ತಿದ್ದ. ಕೇಳುವವರು ತಲೆಯಾಡಿಸಿ, ಆಚೆ ಹೋಗಿ ಜಪಾನಿ ಗಾಡಿಯಲ್ಲೇ ಪೇಟೆಗೆ ಹೋಗಿ ಬರುತ್ತಿದ್ದರು.

ಹೊಸ ಸಾಮಾನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಹೆಂಡತಿ ಸೈರಾ ತನ್ನ ಎರಡು ಟಗರು ಮಾರಿ ಕೊಟ್ಟದ್ದರಲ್ಲಿ ಎಲ್ಲ ಆಗಬೇಕಿತ್ತು. ಗುಜರಿಗೆ ಬಿದ್ದ ಲಾರಿಯಿಂದ ಸ್ಪ್ರಿಂಗಿನ ಕಮಾನು ಪಟ್ಟಿಗಳನ್ನು ಕಳಚಿ ತಂದು ಜೀಪಿನ ಕಮಾನಿನ ಕೆಳಗೆ ಸೇರಿಸಿದ. ಗಾಡಿ ಒಂದು ಗೇಣು ಎತ್ತರವಾಯಿತು. ದೊಡ್ಡ ಟೈರು ಸಿಕ್ಕವು, ಆದರೆ ಅವನ್ನು ಎಳೆಯಲು ಎಂಜಿನ್ನಿಗೆ ಉಸಿರು ಸಾಲದು. ಚಕ್ರವನ್ನು ನಿಧಾನ ತಿರುಗಿಸಿ ಜೋರಾಗಿ ಎಳೆಯುವಂಥ ಹಲ್ಲಿನ ಆಕ್ಸಲ್ ಬೇಕು. ಗುಜರಿಯ ಜಾಪಾರ್ ಒಂದು ಜೋಡಿ ತೋರಿಸಿದ. ಮುಂದಿನದು, ಹಿಂದಿನದು, ಎರಡೂ ಒಂದೇ ಗಾಡಿಯದು, ಒಂದೇ ಎಳೆತದ್ದು ಎಂದ. ಸುಳ್ಳಾದರೆ ರೊಟ್ಟಿಯೇ ತನ್ನನ್ನು ಹೊಡೆಯಲಿ ಎಂದು ಕೈಯಲ್ಲಿದ್ದ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಅದನ್ನೇ ಹರಿದು ಬಾಯಿಗಿಟ್ಟುಕೊಂಡ.

ಅವೇ ಆಕ್ಸಲ್‌ಗಳನ್ನು ಈಗ ಶಾರ್ಶೆನ್ ಬಿಗಿದು ಮುಗಿಸಿದ್ದ. ಪಾಲಿಶ್ ಬೂಟು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿತು.

“ಬಾಜಾ, ಪಟ್ಟಿ ಎರಡು ಜಾಸ್ತಿ ಆಯ್ತೇನೋ. ಗಾಡಿ ಭಾರಕ್ಕೆ ಕಮಾನು ಬಗ್ಗೋದೇ ಇಲ್ಲ. ಅಜ್ಜಿ ಸೊಂಟ...”

“ಅಜ್ಜಿ ಸೊಂಟದ ಲೆಕ್ಕಾನೂ ನಿನ್ನ ಪಾಠದಲ್ಲಿ ಬರತ್ತಾ?”

“ಅದು ಬಿಡಿ. ಆಕ್ಸಲ್ ಎಣಿಸಿ ನೋಡಿದ್ರಾ? ಹೊರಗಿಂದ ಎಲ್ಲಾ ಒಂದೇ ತರ ಕಾಣತ್ತೆ. ಒಂದು ಚಕ್ರ ಜಾಕಿ ಕೊಟ್ಟು ಎತ್ತಿ, ಎರಡು ಸುತ್ತು ತಿರುಗಿಸಿ, ಅಷ್ಟರಲ್ಲಿ ಗೇರ್ ಪೆಟ್ಟಿಗೆಯಿಂದ ಬರೋ ಶಾಫ್ಟ್ ಎಷ್ಟು ಸುತ್ತು ಸುತ್ತತ್ತೆ ಅಂತ ಎಣಿಸಬೇಕು. ಮುಂದೆ ಹಿಂದೆ ಎರಡೂ ಸಮ ಬರಬೇಕು. ಇಲ್ದಿದ್ರೆ ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟಾಗ ಒಂದು ಬೇಗ ಓಡತ್ತೆ, ಒಂದು ನಿಧಾನ, ಜಗ್ಗಾಡಿ ಮಧ್ಯದ ಗೇರ್ ಪೆಟ್ಟಿಗೆ ಒಡೆಯತ್ತೆ.”

“ಯಾರು ಹೇಳಿದ್ದು?”

“ಓದಿದ್ದೆ.”

ಶಾರ್ಶೆನ್ ಗಾಡಿಯ ಕೆಳಗಿನಿಂದ ತೆವಳಿ ಹೊರಬಂದ. ಈ ಮಾತನ್ನು ಮಲಗಿ ಕೇಳಿದರೆ ಸಾಲದು, ಎದ್ದು ನಿಂತು ಕೇಳಬೇಕು ಅನ್ನಿಸಿತು.

“ಓದಿದ್ಯಾ! ಕೇಳ್ರಪ್ಪಾ ಕೇಳ್ರಿ! ಸ್ಪ್ಯಾನರ್ ಯಾವ ಕಡೆ ಹಿಡೀಬೇಕು ಅಂತ ಗೊತ್ತಿಲ್ದವನು ನಂಗೆ ಆಕ್ಸಲ್ ಪಾಠ ಹೇಳ್ತಾನೆ. ಹೋಗು ಬಾಜಾ, ಮನೆಗ್ಹೋಗಿ ಕತ್ತೆ ಕಾಲು ಎಣಿಸು. ನಾಲ್ಕೂ ಸಮ ಇದಾವಾ ನೋಡು.”

ಬೇಲಿಯಾಚೆ ಇಬ್ಬರು ನಕ್ಕರು. ಒಮುರ್ಜಾಕ್ ತಾನೂ ಸ್ವಲ್ಪ ನಕ್ಕು, ಬೂಟಿನ ದೂಳು ಒದರಿ, ಶಾಲೆಗೆ ನಡೆದ.

ಮರುದಿನ ಬೆಳಿಗ್ಗೆ, ಮೇಷ್ಟ್ರು ಪಾಠದಲ್ಲಿರುವ ಹೊತ್ತು ನೋಡಿಕೊಂಡು, ಶಾರ್ಶೆನ್ ಅಂಗಳದ ಬಾಗಿಲು ಹಾಕಿ ಹಿಂದಿನ ಚಕ್ರ ಎತ್ತಿ ಎಣಿಸಿದ. ಶಾಫ್ಟ್ ಐದು ಸುತ್ತು ದಾಟಿ ಇನ್ನೂ ಸ್ವಲ್ಪ ಹೋಯಿತು. ಮುಂದಿನದನ್ನು ಎಣಿಸಿದ. ಐದು ತುಂಬಲೇ ಇಲ್ಲ. ಸೀಮೆಸುಣ್ಣದ ಗುರುತು ಹಾಕಿ ಮತ್ತೆ ಎಣಿಸಿದ. ಅರ್ಧ ಸುತ್ತು ವ್ಯತ್ಯಾಸ. ಜಾಪಾರ್ ಎರಡು ಬೇರೆ ಗಾಡಿಗಳ ಆಕ್ಸಲ್ ಕೊಟ್ಟು ಕೈತೊಳೆದುಕೊಂಡಿದ್ದ.

ಪರಿಹಾರವೇನೂ ದೊಡ್ಡದಿರಲಿಲ್ಲ. ಅವನ ಹಳೆಯ ಜೋಡಿ ಆಕ್ಸಲ್‌ಗಳು, ಹಳೆಯ ಟೈರುಗಳು ಕೊಟ್ಟಿಗೆಯ ಗೋಡೆಗೆ ಒರಗಿಕೊಂಡು ಬಿದ್ದಿದ್ದವು. ಒಂದು ಹಗಲಿನ ಕೆಲಸ, ಖರ್ಚು ಒಂದು ಸೊಮ್ ಕೂಡ ಇಲ್ಲ. ಹೊರಡಲು ಇನ್ನೂ ನಾಲ್ಕು ದಿನವಿತ್ತು. ಆದರೆ ಹಳೆಯದನ್ನು ಮತ್ತೆ ಕಟ್ಟಿದರೆ ಊರು ನೋಡುತ್ತದೆ, ಬೇಲಿಯಾಚೆ ನಕ್ಕವರು ನೋಡುತ್ತಾರೆ, ಪಾಲಿಶ್ ಬೂಟು ಬಂದು ನಿಂತು ನೋಡುತ್ತದೆ. ಏನೂ ಅನ್ನುವುದಿಲ್ಲ ಅದು, ಸುಮ್ಮನೆ ನೋಡುತ್ತದೆ. ಅಷ್ಟನ್ನು ತಡೆದುಕೊಳ್ಳುವ ಶಕ್ತಿ ಶಾರ್ಶೆನ್‌ಗೆ ಇರಲಿಲ್ಲ. ಅರ್ಧ ಸುತ್ತೆಲ್ಲ ಮೇಷ್ಟ್ರುಗಳ ಚಿಂತೆ, ಬೆಟ್ಟಕ್ಕೆ ಓದು ಬರುವುದಿಲ್ಲ ಎಂದುಕೊಂಡು ಅವನು ಸೀಮೆಸುಣ್ಣದ ಗುರುತನ್ನು ತೋಳಿನಿಂದ ಉಜ್ಜಿ ಅಳಿಸಿದ. ಹತ್ತೊಂಬತ್ತು ವರ್ಷ ಗಾಡಿ ಓಡಿಸಿದ ಮನುಷ್ಯ ಇಷ್ಟು ಪೆದ್ದನಾಗಲು ಮೂರ್ಖತನ ಒಂದೇ ಸಾಲದು, ಅದಕ್ಕೆ ಹಟವೂ ಬೇಕು.

ಹೊರಡುವ ದಿನ ಬುರುಲ್ಚಾ ಅಜ್ಜಿ ಬಿಳಿಯ ತಲೆವಸ್ತ್ರ ಸುತ್ತಿ, ಬೆಳ್ಳಿಯ ಗುಂಡಿಗಳ ಮಖಮಲ್ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಕೂತಳು. ಅವಳನ್ನು ಆ ಎತ್ತರಕ್ಕೆ ಏರಿಸಲು ಹಾಲಿನ ಡಬ್ಬಿ ಮಗುಚಿ ಮೆಟ್ಟಿಲು ಮಾಡಬೇಕಾಯಿತು. ಗಾಡಿಯ ಮೇಲೆ ಗುಡಾರದ ಮರದ ಜಾಲರಿ ಹೇರಿ, ಅದರ ಮೇಲೆ ಅವಳ ಮದುವೆಯ ಕಂಬಳಿಯನ್ನು ಹೂವು ಕಾಣುವಂತೆ ಹೊದಿಸಿತ್ತು. ಹಿಂದೆ ಉಣ್ಣೆಯ ಸುರುಳಿಗಳ ಸಂದಿಯಲ್ಲಿ ಒಮುರ್ಜಾಕ್ ಸಿಕ್ಕಿಕೊಂಡು ಕೂತಿದ್ದ. ಶಾಲೆಗೆ ರಜೆ, ಸಾಮಾನು ಇಳಿಸಲು ಬರುತ್ತೇನೆಂದು ತಾನೇ ಹತ್ತಿದ್ದ. ಉಳಿದವರು ಕುದುರೆಗಳ ಮೇಲೆ, ಕೆಲವರು ಕುರಿಗಳ ಮುಂದೆ, ಸೈರಾ ಮತ್ತು ಕೆಲವರು ಹಿಂದೆ ಬರುತ್ತಿದ್ದರು.

ಊರು ದಾಟುವಷ್ಟರಲ್ಲಿ ಅಜ್ಜಿಯ ತಲೆ ಎರಡು ಸಲ ಚಾವಣಿಗೆ ಬಡಿಯಿತು.

“ಏನೋ ಇದು, ಗಾಡಿನಾ ಟಗರಾ? ಹಾರ್ತಾ ಇದ್ಯಲ್ಲೋ!”

“ಗಟ್ಟಿ ಕಮಾನು, ಆಪಾ. ಬೆಟ್ಟಕ್ಕೆ ಹೀಗೇ ಇರಬೇಕು.”

“ಬೆಟ್ಟಕ್ಕೆ ಸರಿ. ನಂಗೆ?”

ಕಣಿವೆಯಲ್ಲಿ ಮೊಣಕಾಲುದ್ದ ಕೆಸರು ಹಿಮ ಕಾದಿತ್ತು. ಶಾರ್ಶೆನ್ ಸಣ್ಣ ಹಿಡಿ ಎಳೆದು ಮುಂದಿನ ಚಕ್ರಗಳಿಗೂ ಎಳೆತ ಕೊಟ್ಟ. ಗಾಡಿ ಹಿಂದೆಂದೂ ಹತ್ತದ ಹಾಗೆ ಹತ್ತಿತು. ಹೋದ ವರ್ಷ ಹೂತ ಜಾಗ ದಾಟಿತು, ಅದರ ಹಿಂದಿನ ವರ್ಷ ಹೂತ ಜಾಗವೂ ದಾಟಿತು. ಕೆಸರಿನಲ್ಲಿ ಚಕ್ರಗಳು ಜಾರುತ್ತಿದ್ದುದರಿಂದ ಅರ್ಧ ಸುತ್ತಿನ ಜಗಳ ಮೇಲೆ ಕಾಣಲಿಲ್ಲ. ಶಾರ್ಶೆನ್‌ಗೆ ಹಾಡು ಬಂದಂತಾಯಿತು.

“ಏ ಮೇಷ್ಟ್ರೇ! ಪುಸ್ತಕದಲ್ಲಿ ಇದೇನಂತ ಬರ್ದಿದಾರೆ?” ಎಂದು ಹಿಂದಕ್ಕೆ ಕೂಗಿದ.

ಹಿಮ ಮುಗಿದು ಒಣ ಬಂಡೆಯ ದಾರಿ ಬಂತು. ಶಾರ್ಶೆನ್ ಹಿಡಿಯನ್ನು ಬಿಡಿಸಲು ಹೋದ, ಅದು ಕದಲಲಿಲ್ಲ. ಸ್ಟೇರಿಂಗ್ ಕಲ್ಲಾಗಿತ್ತು. ಗಾಡಿಯ ಹೊಟ್ಟೆಯಲ್ಲಿ ಹಲ್ಲು ಕಡಿಯುವ ಸದ್ದು ಶುರುವಾಯಿತು.

“ಬಾಜಾ, ನಿಲ್ಸಿ,” ಉಣ್ಣೆಯ ಸಂದಿಯಿಂದ ದನಿ ಬಂತು. “ಒಂದು ಹತ್ತು ಮಾರು ಹಿಂದಕ್ಕೆ ಬನ್ನಿ. ಬಿಗಿತ ಬಿಟ್ಕೊಳ್ಳತ್ತೆ, ಹಿಡಿ ತಾನಾಗೇ ಬರತ್ತೆ.”

“ಹಿಂದಕ್ಕಾ?” ಎಂದಳು ಅಜ್ಜಿ. “ಮನೆ ಹೊತ್ಕೊಂಡು ಹೊರಟ ಮೇಲೆ ಹಿಂದಕ್ಕೆ ಕಾಲಿಡಬಾರ್ದು. ನಮ್ಮತ್ತೆ ನೀರು ಮರೆತ್ರೂ ತಿರುಗಿ ಹೋಗ್ತಿರಲಿಲ್ಲ.”

ಶಾರ್ಶೆನ್‌ಗೆ ಬೇಕಾಗಿದ್ದೂ ಅದೇ ಮಾತು. ಅಜ್ಜಿಯ ನಂಬಿಕೆಯನ್ನು ನೆಪ ಮಾಡಿಕೊಂಡು ಅವನು ಆಕ್ಸಿಲರೇಟರ್ ಒತ್ತಿದ. ಇನ್ನೊಂದು ತಿರುವಿನವರೆಗೆ ಗಾಡಿ ನರಳುತ್ತ ನಡೆಯಿತು. ಆಮೇಲೆ ಕೆಳಗೆ ಫಟಾರೆಂದಿತು. ಗೇರ್ ಪೆಟ್ಟಿಗೆ ಸೀಳಿ, ಎಣ್ಣೆ ಬಂಡೆಯ ಮೇಲೆ ಹರಿಯಿತು.

ಅಜ್ಜಿ ತಾನಾಗಿಯೇ ಇಳಿದಳು, ಡಬ್ಬಿಯ ಮೆಟ್ಟಿಲಿಗೂ ಕಾಯಲಿಲ್ಲ. ಹಿಂದೆ ಬರುತ್ತಿದ್ದ ಕುದುರೆಗಳಲ್ಲಿ ಮುಂದಿನ ನಾಲ್ಕಾರು ಬಂದು ಸುತ್ತ ನಿಂತವು.

“ಏನಾಯ್ತು?” ಎಂದು ಅವಳು ಕೇಳಿದ್ದು ಶಾರ್ಶೆನ್‌ನನ್ನು. ಉತ್ತರ ಕೊಟ್ಟವನು ಒಮುರ್ಜಾಕ್.

“ಹಳೇ ಪೆಟ್ಟಿಗೆ, ಆಪಾ. ಕಬ್ಬಿಣಕ್ಕೂ ಆಯಸ್ಸು ಅಂತ ಇರತ್ತಲ್ಲ. ಆಕ್ಸಲ್ ಎಲ್ಲಾ ಬಾಜಾ ಎಣಿಸಿ ನೋಡಿದ್ರು, ನಾನೂ ಜೊತೇಲಿದ್ದೆ. ಎರಡೂ ಸಮ ಇತ್ತು. ಇದ್ರಲ್ಲಿ ಅವರ ತಪ್ಪೇನಿಲ್ಲ.”

ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅಜ್ಜಿ ಸ್ವಲ್ಪ ಹೊತ್ತು ಎಣ್ಣೆಯನ್ನು ನೋಡಿದಳು. “ಹಿಮ ಏನೋ ದಾಟಿಸ್ದ. ಕಬ್ಬಿಣ ಒಡೆದ್ರೆ ಯಾರೇನು ಮಾಡಕ್ಕಾಗತ್ತೆ? ಒಂದು ವಾರದಲ್ಲಿ ರಿಪೇರಿ ಮಾಡ್ಕೊಂಡು ಬಾ. ಬೇಸಿಗೆ ನಿಂದೇ.”

ಸುಮ್ಮನಿದ್ದರೆ ಸಾಕಿತ್ತು. ಅಷ್ಟೂ ಶಾರ್ಶೆನ್‌ನಿಂದ ಆಗಲಿಲ್ಲ. ಇನ್ನು ಮೇಲೆ ಮಾವನ ಮನೆಯಲ್ಲಿ ಚಹಾ ಕುಡಿಯುವಾಗಲೆಲ್ಲ ಈ ಪಾಲಿಶ್ ಬೂಟಿನವನು ಎದುರಿಗೆ ಕೂತಿರುತ್ತಾನೆ, ಏನನ್ನೂ ಹೇಳುವುದಿಲ್ಲ, ಹೇಳದೆ ಇರುವುದನ್ನು ಸಾಯುವ ತನಕ ಮುಂದುವರಿಸುತ್ತಾನೆ. ಇವನ ಕರುಣೆಯ ರೊಟ್ಟಿ ತಿನ್ನುವುದಕ್ಕಿಂತ ಬೇರೆ ಏನಾದರೂ ಆಗಲಿ ಎನ್ನಿಸಿತು ಅವನಿಗೆ.

“ಸುಳ್ಳು,” ಎಂದ ಶಾರ್ಶೆನ್. “ಇವನು ಜೊತೇಲಿರಲಿಲ್ಲ. ಇವನ ಸಾಕ್ಷಿ ಯಾರಿಗೆ ಬೇಕು? ನಾನೊಬ್ಬನೇ ಎಣಿಸಿದ್ದು. ಅರ್ಧ ಸುತ್ತು ವ್ಯತ್ಯಾಸ ಇತ್ತು. ಗೊತ್ತಿದ್ದೂ ಹಾಗೇ ಬಿಟ್ಟಿದ್ದೆ.”

ಕುದುರೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಗೊತ್ತಿದ್ದೂ ನನ್ನನ್ನ ಮುಂದೆ ಕೂರಿಸ್ಕೊಂಡು ಬಂದ್ಯಾ?” ಅಜ್ಜಿ ದನಿ ಏರಿಸಲಿಲ್ಲ. “ಇಲ್ಲಿಂದ ಕೆಳಗೆ ಪ್ರಪಾತ ಎಷ್ಟಿದೆ ಅಂತ ನೋಡಿದ್ಯಾ? ಸಾಮಾನು ಕುದುರೆಗೆ ಹೇರ್ರೋ. ನಾರಿನ್‌ನವನಿಗೆ ಹೇಳಿ ಕಳಿಸಿ.”

ಅವಳು ಕಂಬಳಿಯನ್ನು ತಾನೇ ಎಳೆದುಕೊಂಡು, ಮಡಚಿ, ಒಂದು ಕುದುರೆಯ ಬೆನ್ನಿಗೆ ಹಾಕಿಸಿದಳು. ಜನ ಜಾಲರಿ ಬಿಚ್ಚತೊಡಗಿದರು. ಯಾರೂ ಶಾರ್ಶೆನ್‌ಗೆ ಕೈ ಹಾಕು ಅನ್ನಲಿಲ್ಲ. ಅವನೇ ಹೋಗಿ ಉಣ್ಣೆಯ ಸುರುಳಿಯ ಒಂದು ತುದಿ ಹಿಡಿದ. ಇನ್ನೊಂದು ತುದಿ ಒಮುರ್ಜಾಕ್‌ನ ಕೈಯಲ್ಲಿತ್ತು.

“ನಿನ್ನ ದಯೆ ನಂಗೆ ಬೇಕಾಗಿರಲಿಲ್ಲ,” ಎಂದ ಶಾರ್ಶೆನ್, ಹಲ್ಲು ಕಚ್ಚಿ.

ಒಮುರ್ಜಾಕ್ ಸುರುಳಿಯನ್ನು ಹೆಗಲಿಗೆ ಸರಿಮಾಡಿಕೊಂಡ. ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ಅವನು ಶಾರ್ಶೆನ್‌ನನ್ನು ಪೆದ್ದ ಹುಡುಗನೊಬ್ಬನ ಉತ್ತರ ಪತ್ರಿಕೆಯನ್ನು ನೋಡುವ ಹಾಗೆ ನೋಡಿದ.

“ನಿಮಗೋಸ್ಕರ ಹೇಳಿದೆ ಅಂದ್ಕೊಂಡ್ರಾ ಬಾಜಾ? ನಿಮ್ಮ ಮರ್ಯಾದೆ ಇದ್ರೆಷ್ಟು, ಹೋದ್ರೆಷ್ಟು. ಸೈರಾ ಅಕ್ಕ ಚಳಿಗಾಲಕ್ಕೆ ಏನು ತಿಂತಾರೆ ಅಂತ ಯೋಚ್ನೆ ಮಾಡಿ ಹೇಳಿದ್ದು.”

ಶಾರ್ಶೆನ್ ಸುರುಳಿಯ ತನ್ನ ತುದಿಯನ್ನು ಹೆಗಲಿಗೇರಿಸಿದ. ಕೆಳಗಿನ ತಿರುವಿನಲ್ಲಿ ಕುರಿಗಳು ಕಾಣಿಸಿಕೊಂಡವು, ಅವುಗಳ ಹಿಂದೆ ಸೈರಾ. ನಿಂತ ಗಾಡಿಯನ್ನೂ ಕುದುರೆಗೆ ಏರುತ್ತಿದ್ದ ಸಾಮಾನನ್ನೂ ಕಂಡು ಅವಳು ಕುದುರೆಯನ್ನು ಬೇಗ ಬೇಗ ಮೇಲಕ್ಕೆ ಹೊಡೆದಳು.

“ಏನಾಯ್ತು?” ಎಂದು ದೂರದಿಂದಲೇ ಕೂಗಿದಳು. “ದಾಟ್ತಲ್ಲಾ? ಬೇಸಿಗೆ ನಮ್ದೇ ತಾನೇ?”

ಒಮುರ್ಜಾಕ್ ಈ ಸಲ ಉತ್ತರ ಕೊಡಲಿಲ್ಲ.