ಗ್ರೀಸು ಮತ್ತು ನಿಂಬೆಹಣ್ಣು

ಹಂಗಾರಕಟ್ಟೆಯ ಗೋವರ್ಧನನಿಗೆ ದೋಣಿ ಗೊತ್ತಿತ್ತು, ಬಲೆ ಗೊತ್ತಿತ್ತು, ಗಾಳಿಯ ಮನಸ್ಸೂ ಗೊತ್ತಿತ್ತು. ಲಾರಿ ಮಾತ್ರ ಹೊಸತು. ಹೊಸತೆಂದರೆ ಅವನಿಗೆ ಹೊಸತು. ಲಾರಿಗೆ ಆಗಲೇ ಮುಪ್ಪು. ಮೀನಿನ ಪೆಟ್ಟಿಗೆಗಳ ಉಪ್ಪುನೀರು ಸೋರಿ ಸೋರಿ ಗಾಲಿಯೊಳಗಿನ ಬೇರಿಂಗುಗಳು ತುಕ್ಕು ಹಿಡಿದಿದ್ದವು. ಲಾರಿ ಹೊರಟರೆ ಸಾಕು, ಅದರ ಊಳಿಗೆ ಊರ ನಾಯಿಗಳೆಲ್ಲ ದನಿಗೂಡಿಸುತ್ತಿದ್ದವು. ಬ್ರೇಕಿನ ಕತೆಯಂತೂ ಹೇಳುವುದೇ ಬೇಡ. ಮೊನ್ನೆ ಮೊನ್ನೆ ಸಾಸ್ತಾನದಲ್ಲಿ ಯಾರದೋ ಹುಲ್ಲುಕುತ್ರಿಗೆ ಮುಖ ಹುದುಗಿಸಿಯೇ ಅದು ನಿಂತದ್ದು. ಪಕ್ಕದಲ್ಲಿದ್ದ ಹೆಂಡತಿ ಸೀತು ತಲೆಯ ಹುಲ್ಲು ಕೊಡವಿಕೊಂಡು ಇಳಿದವಳು ಮತ್ತೆ ಹತ್ತಿರಲಿಲ್ಲ.

ಈಗ ಶಿರೂರಿನ ತವರಿನಲ್ಲಿ ಅವಳ ತಂಗಿ ಜಲಜಳ ಸೀಮಂತ. ನಾಳೆ ಹೊರಡಬೇಕು.

“ನಾನ್ ಬಸ್ಸಿಗ್ ಹೋತೆ. ನೀವ್ ನಿಮ್ ಲಾರಿಯಂಗ್ ಬನ್ನಿ. ಬದ್ಕಿದ್ರೆ ಅಲ್ಲೇ ಕಾಂಬ,” ಎಂದಳು ಸೀತು.

ಗೋವರ್ಧನ ಲಾರಿ ಕೊಂಡದ್ದೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರ್ನ್ ಹೊಡೆಯುತ್ತ ಅವಳ ತವರಿನ ಅಂಗಳಕ್ಕೆ ನುಗ್ಗಲಿಕ್ಕೆ. ಅವಳೇ ಬಸ್ಸಿಗೆ ಹೋದರೆ ಹಾರ್ನ್ ಯಾರಿಗೆ?

“ಸಂಜಿ ಒಳಗ್ ನಾನೇ ಬಿಚ್ಚಿ ಸರಿ ಮಾಡ್ತೆ ಕಾಣ್. ನೀನ್ ನಿಂಬಿಹಣ್ಣ್ ತಕಂಡ್ ಬಾ,” ಎಂದವನೇ ಲಾರಿಗೆ ಜಾಕ್ ಕೊಟ್ಟು, ಅಡಿಗೆ ತೆಂಗಿನ ದಿಮ್ಮಿ ಇಟ್ಟು, ಗಾಲಿ ಕಳಚಿದ.

ಸೀತುವಿನ ತಮ್ಮ ಪ್ರೇಮಾನಂದ ಮಗುಚಿದ ದೋಣಿಯ ಮೇಲೆ ಕುಳಿತು ನೆಲಗಡಲೆ ಸುಲಿಯುತ್ತಿದ್ದ. “ಭಾವ, ಗ್ಯಾರೇಜಿಗ್ ಬಿಡಿ ಮಾರಾಯ್ರೆ. ಇದ್ ದೋಣಿ ಅಲ್ಲ.”

“ದೋಣಿ ಇಂಜಿನ್ ಬಿಚ್ಚಿ ಕಟ್ಟಿದವ್ನಿಗೆ ಗಾಲಿ ಎಂತ ದೊಡ್ಡದಾ? ತಿರ್ಗುದೆಲ್ಲ ಒಂದೇ ಜಾತಿ!”

ಉಪ್ಪುನೀರಿನವರದ್ದು ಒಂದೇ ಧರ್ಮ: ಕಬ್ಬಿಣ ಕಂಡಲ್ಲಿ ಗ್ರೀಸು. ತಂದಿಟ್ಟಿದ್ದ ಹೊಸ ಬೇರಿಂಗಿಗೆ ಅಂಗೈಯಲ್ಲಿ ಒತ್ತಿ ಒತ್ತಿ ಗ್ರೀಸು ತುಂಬಿದ. ಅಷ್ಟಾದರೂ ಕೈತುಂಬ ಉಳಿದಿತ್ತು. ಒಳಗೆ ಗಾಲಿಯನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಲೈನರುಗಳು ಒಣಗಿಕೊಂಡು ಕುಳಿತಿದ್ದವು. ಕಂಡು ಪಾಪ ಅನ್ನಿಸಿತು. ಅವಕ್ಕೂ ಹಚ್ಚಿದ, ನಾಲ್ಕು ಗಾಲಿಗೂ, ಧಾರಾಳವಾಗಿ.

ರಿಪೇರಿಯಾದ ಗಾಡಿ ಹೊರಡುವಾಗ ಗಾಲಿಯಡಿ ನಿಂಬೆಹಣ್ಣು ಒಡೆಯುವುದು ಶಾಸ್ತ್ರ. ಸೀತು ಅದನ್ನು ಗಾಲಿಯಡಿ ಇಡಲಿಲ್ಲ. ಹೊಳೆಗೆ ಇಳಿಯುವ ದಾರಿಯ ನಡುವೆ ಇಟ್ಟಳು.

“ಮೊದ್ಲ್ ಇದ್ರ್ ಎದ್ರಿಗ್ ನಿಲ್ಸಿ ಕಾಣ್ಸಿ. ಒಡೂದ್ ಆಮೇಲೆ.”

ಲಾರಿ ಹೊರಟಿತು. ಊಳಿಲ್ಲ, ಕಿರುಚಿಲ್ಲ. “ಕೇಣ್ತಾ ಹೆಣೆ? ಶಬ್ದವೇ ಇಲ್ಲೆ!” ಎಂದು ಸೀಟಿನಲ್ಲೇ ಕುಣಿಯುತ್ತ ಗೋವರ್ಧನ ಬ್ರೇಕ್ ಒತ್ತಿದ. ಬ್ರೇಕಿಗೂ ಶಬ್ದವಿರಲಿಲ್ಲ. ನಿಂಬೆಹಣ್ಣು ಪಚಕ್ಕೆಂದಿತು. ಸೀತು ಬದಿಗೆ ಹಾರಿದಳು. ಒಣಹಾಕಿದ ಬಲೆಯೊಂದನ್ನು ಮದುಮಗಳ ಸೆರಗಿನಂತೆ ಹೊದ್ದುಕೊಂಡು ಲಾರಿ ಗಂಭೀರವಾಗಿ ಹೊಳೆಗಿಳಿಯಿತು.

“ಭಾವಾ, ಲಂಗರ್ ಹಾಕಿ, ಲಂಗರ್!” ಪ್ರೇಮಾನಂದ ನಕ್ಕು ನಕ್ಕು ದೋಣಿಯಿಂದಲೇ ಜಾರಿಬಿದ್ದ.

ಕಡಲಿನ ಇಳಿತದ ಹೊತ್ತು, ಪುಣ್ಯಕ್ಕೆ. ಗಾಲಿ ಮುಳುಗುವಷ್ಟು ನೀರಿಗೆ ಬಂದು ಲಾರಿ ಕೆಸರಲ್ಲಿ ಕೂತಿತು. ಸೀತು ಸೀರೆ ಎತ್ತಿ ಕಟ್ಟಿಕೊಂಡು ಬಂದಳು. ಇನ್ನು ಬಸ್ಸೇ ಗತಿ ಎಂದು ಗೋವರ್ಧನ ಬಲೆಯೊಳಗಿಂದ ಕಣ್ಣು ಪಿಳುಕಿಸಿದ. ಅವಳು ಅವನ ಮೊಣಕೈವರೆಗಿನ ಗ್ರೀಸು ನೋಡಿದಳು.

“ಹ್ವಾಯ್, ಎಲ್ಲೆಲ್ಲ್ ಹಚ್ಚಿದ್ರಿ?”

“ಎಲ್ಲ ಕಡೆಗೂ.”

“ಹಿಡ್ಕಂಬುದಕ್ಕೂ?”

ಗೋವರ್ಧನ ಜಿಡ್ಡಾದ ಅಂಗೈಯನ್ನು ಬೆನ್ನ ಹಿಂದೆ ಅಡಗಿಸಿದ.

“ಮೀನ್ ಹುರುಕೆ ಎಣ್ಣಿ ಬೇಕ್. ಹಂಗಂತ ಮೀನ್ ಕೊಯ್ಯು ಕತ್ತಿ ಹಿಡಿಗೂ ಎಣ್ಣಿ ಹಚ್ತ್ರಾ?”

ಹೇಳುತ್ತಲೇ ಸೀತು ನಗಲು ಶುರುಮಾಡಿದಳು. ನಿಂತು ನಗಲಾರದೆ ಬಂಪರು ಹಿಡಿದು ನಕ್ಕಳು.

ದಡದಲ್ಲಿ ದೋಣಿ ಕಟ್ಟುತ್ತಿದ್ದವರೆಲ್ಲ ಓಡಿಬಂದು, ಹಗ್ಗ ಬಿಗಿದು, ದೋಣಿ ಎಳೆಯುವಂತೆಯೇ “ಐಸಾ” ಹಾಕಿ ಲಾರಿಯನ್ನು ದಡಕ್ಕೆ ಎಳೆದರು. ಪ್ರೇಮಾನಂದ ಕುಂದಾಪುರಕ್ಕೆ ಬೈಕ್ ಓಡಿಸಿ ಹೊಸ ಲೈನರು ತಂದ. ಡ್ರಮ್ಮುಗಳನ್ನು ಪೆಟ್ರೋಲಿನಲ್ಲಿ ತೊಳೆದದ್ದಾಯಿತು. ಈ ಸಲ ಗ್ರೀಸಿನ ಡಬ್ಬಿ ಸೀತುವಿನ ಮಡಿಲಲ್ಲಿ. ನೀರು ಕುಡಿದ ಬೇರಿಂಗುಗಳಿಗೆ ಮತ್ತೆ ತುಂಬಲು ಬೇಕಾದಷ್ಟನ್ನೇ ಅವಳು ತೆಗೆದು ಕೊಟ್ಟಳು, ಹಬ್ಬದ ಮನೆಯಲ್ಲಿ ತುಪ್ಪ ಬಡಿಸುವ ಅತ್ತೆಯ ಹಾಗೆ.

ಹೊತ್ತು ಇಳಿಯುವ ಬೈಸಾರಿಗೆ ಮತ್ತೊಂದು ನಿಂಬೆಹಣ್ಣು ದಾರಿಗೆ ಬಂತು. ಲಾರಿ ಇಳಿಯಿತು. ಗೋವರ್ಧನ ಕಣ್ಣು ಮುಚ್ಚಿ ಬ್ರೇಕ್ ಒತ್ತಿದ. ಕಣ್ಣು ಬಿಟ್ಟರೆ ಲಾರಿ ನಿಂತಿದೆ. ಗಾಲಿಯಿಂದ ಗೇಣು ದೂರದಲ್ಲಿ ಹಣ್ಣು ಹಳದಿಯಾಗಿ ಹೊಳೆಯುತ್ತಿದೆ.

“ಈಗ ಒಡೀರಿ ಭಾವ, ಶಾಸ್ತ್ರ!” ಪ್ರೇಮಾನಂದ ಕೂಗಿದ.

“ಆತಿಲ್ಲೆ ಮಾರಾಯ! ಅದನ್ನ್ ಉಳ್ಸುಕೇ ಅಲ್ದಾ ಇಷ್ಟೆಲ್ಲ ಮಾಡಿದ್ದ್!” ಎಂದ ಗೋವರ್ಧನ.

ಸೀತು ಹಣ್ಣು ಹೆಕ್ಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಟ್ಟೆಯ ಚೀಲ ಒಳಗೆಸೆದು, ಗ್ರೀಸಿನ ಡಬ್ಬಿ ಸಮೇತ ಲಾರಿ ಹತ್ತಿ ಗಂಡನ ಪಕ್ಕ ಕೂತಳು.

“ಶಿರೂರಂಗ್ ಶರಬತ್ ಮಾಡಿ ಜಲಜಂಗ್ ಕೊಡುವ. ಹೋಪ, ಬಿಡಿ.”

“ನಾಳೆ ಅಲ್ದಾ?”

“ಇವತ್ತೇ. ಈ ಡಬ್ಬಿ ಜೊತಿ ನಿಮ್ಮನ್ನ್ ಇಡೀ ರಾತ್ರಿ ಬಿಡುಕಾಗ!”

ಶಿರೂರು ಇನ್ನೂ ಎಷ್ಟೋ ದೂರ. ಗೋವರ್ಧನ ಹಾರ್ನ್ ಮಾತ್ರ ಆಗಲೇ ಶುರುಮಾಡಿದ್ದ.