ಗುಬ್ಬಿಯ ಹಾಲುಹಲ್ಲು

ಗುಬ್ಬಿಯ ಮುಂದಿನ ಹಲ್ಲುಗಳ ಬುಡದಲ್ಲಿ ಕಂದು ಗೆರೆ ಮೊದಲು ಕಂಡದ್ದು ಅವಳ ಅಮ್ಮನಿಗೆ. ಅಮ್ಮ ಬಸ್ ಕಂಡಕ್ಟರ್. ಬೆಳಕು ಹರಿಯುವ ಮುಂಚೆ ಡಿಪೋ ಸೇರಬೇಕಾದ್ದರಿಂದ ಮಗು ಅಜ್ಜಿಯ ಕೈಯಲ್ಲೇ ಬೆಳೆಯುತ್ತಿತ್ತು. ಅಜ್ಜಿಗೆ ಮೊಮ್ಮಗಳೆಂದರೆ ಪಂಚಪ್ರಾಣ. ರಚ್ಚೆ ಹಿಡಿದಾಗಲೆಲ್ಲ ಸಕ್ಕರೆ ಹಾಲಿನ ಬಾಟಲಿ ಬಾಯಿಗಿಟ್ಟು ಮಲಗಿಸುತ್ತಿದ್ದರು.

"ಅತ್ತೆ, ಬಾಟಲಿ ಬಿಡಿಸೋಣ. ಹಲ್ಲು ಹುಳುಕಾಗ್ತಿದೆ."

"ಹಾಲುಹಲ್ಲು ಕಣೇ, ಹೇಗಿದ್ರೂ ಬಿದ್ದುಹೋಗುತ್ತೆ. ನಾನೇನು ಮಕ್ಕಳನ್ನ ಸಾಕಿಲ್ವಾ?"

ಗಂಡ ಟಿವಿಯಿಂದ ಕಣ್ಣು ಕೀಳದೆ, "ಅಮ್ಮಂಗೆ ಗೊತ್ತಿರಲ್ವಾ? ಸುಮ್ನೆ ರಾದ್ಧಾಂತ ಮಾಡ್ಬೇಡ," ಎಂದ.

ಮಗುವನ್ನು ನೋಡಿಕೊಳ್ಳಲು ಬೇರೆ ಯಾರಿದ್ದರು? ಅವಳು ಟಿಕೆಟ್ ಚೀಲ ಹೆಗಲಿಗೇರಿಸಿ ಡ್ಯೂಟಿಗೆ ಹೊರಟಳು. ಆಸ್ಪತ್ರೆಗೆಂದು ರಜೆ ಕೇಳಿದರೆ ಡಿಪೋ ಮ್ಯಾನೇಜರ್, "ಮಗು ಹಲ್ಲಿಗೂ ರಜೇನಾ?" ಎಂದು ನಕ್ಕುಬಿಟ್ಟ.

ಒಂದು ಬೆಳಿಗ್ಗೆ ಗುಬ್ಬಿಯ ಕೆನ್ನೆ ಊದಿಕೊಂಡಿತು, ಮೈ ಕೆಂಡವಾಗಿತ್ತು. ಅವತ್ತು ಅಮ್ಮ ಯಾರನ್ನೂ ಕೇಳಲಿಲ್ಲ. ಡ್ಯೂಟಿ ಬಿಟ್ಟು ಮಗುವನ್ನು ಎತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೊರಟಳು. ಗಂಡ ಗೊಣಗುತ್ತಲೇ ಹಿಂದೆ ಬಂದ.

ಹಲ್ಲಿನ ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನವಳು. ಟಾರ್ಚ್ ಬಿಟ್ಟು ನೋಡಿ ಸಿಡುಕಿದಳು: "ಕೀವು ತುಂಬಿದೆ. ಮುಂದಿನ ಹಲ್ಲೆಲ್ಲ ತೆಗೀಬೇಕು. ಇಷ್ಟು ದಿನ ಏನ್ ಮಾಡ್ತಿದ್ರಿ? ತಾಯಿ ಆದೋರು ನೋಡ್ಕೋಬೇಡ್ವಾ?"

"ಇವಳಿಗೆ ಡ್ಯೂಟಿನೇ ಹೆಚ್ಚು, ಡಾಕ್ಟ್ರೇ," ಎಂದ ಗಂಡ.

ಅವಳು ಅವನ ಮುಖವನ್ನೇ ನೋಡಿದಳು. ಅವನು ಗೋಡೆ ನೋಡಿದ. ಸೂಜಿ ಕಂಡದ್ದೇ, "ನನ್ ಕೈಲಿ ನೋಡೋಕಾಗಲ್ಲಪ್ಪ," ಎಂದು ಹೊರಗೆ ಹೋದ.

"ಗಟ್ಟಿಯಾಗಿ ಹಿಡ್ಕೊಳ್ಳಮ್ಮ," ಎಂದಳು ಡಾಕ್ಟರ್.

ಹಿಡಿದುಕೊಂಡಳು. ಗುಬ್ಬಿ ಅವಳ ಕಣ್ಣನ್ನೇ ನೋಡುತ್ತ ಚೀರಿತು: "ಬೇಡಮ್ಮಾ! ಜಾಣೆಯಾಗಿರ್ತೀನಮ್ಮಾ!" ಅವಳು ಕೈ ಸಡಿಲಿಸಲಿಲ್ಲ.

ಮನೆ ಸೇರಿದ ಕೂಡಲೇ ಮಗು ಅವಳ ಕಂಕುಳಿಂದ ಜಾರಿ ಅಜ್ಜಿಯ ಮಡಿಲಿಗೆ ಓಡಿತು.

"ಅಯ್ಯೋ ನನ್ ಕಂದಾ, ಯಾರೇ ನಿನ್ನ ಹೀಗೆ ಮಾಡಿದ್ದು?"

ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಗುಬ್ಬಿ ಅಮ್ಮನ ಕಡೆ ಬೆರಳು ತೋರಿಸಿತು.

ಅವಳು ಅಡುಗೆಮನೆಗೆ ಹೋಗಿ ಬಾಟಲಿ ತಂದು, ಎಲ್ಲರ ಕಣ್ಣೆದುರೇ ಬೀದಿಯ ಕಸದ ತೊಟ್ಟಿಗೆ ಎಸೆದಳು. ಅತ್ತೆ ಸೆರಗಿನಿಂದ ಮಗುವಿನ ಬಾಯಿ ಒರೆಸಿದರು. ಗಂಡ ಟಿವಿ ಹಾಕಿದ.

ಹಿಂದಿನ ಹಲ್ಲುಗಳು ಉಳಿದುಕೊಂಡವು. ಆದರೆ ಅವಳು ಬ್ರಷ್ ಹಿಡಿದು ಹತ್ತಿರ ಬಂದರೆ ಸಾಕು, ಗುಬ್ಬಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತದೆ. ಅಜ್ಜಿ ಕರೆದರೆ ಮಾತ್ರ 'ಆ' ಅಂತ ಬಾಯಿ ತೆರೆಯುತ್ತದೆ.